ಲೈನಪ್ಪ ಕಾದಿರಿಸಿದ ಜಾಗ

ನಮ್ಮ ಭಾವನಿಗೆ ಲೈನಪ್ಪ ಎಂಬ ಹೆಸರು ಬಿದ್ದದ್ದು ಆಸ್ಪತ್ರೆಯ ಟೋಕನ್ ಕಿಟಕಿಯಲ್ಲಿ ಕೂತಿದ್ದ ಕಾಲದಲ್ಲಿ. ಕಿಟಕಿಯ ಆ ಕಡೆ ಯಾರೇ ಬರಲಿ, ದೊಡ್ಡ ಡಾಕ್ಟರ ತಮ್ಮನೇ ಬರಲಿ, ಮುಖ ಎತ್ತದೆ "ಲೈನಲ್ಲಿ ಬನ್ನಿ" ಅನ್ನುತ್ತಿದ್ದರು. ಒಂದು ಸಲ ನನ್ನ ಅಕ್ಕ, ಅಂದರೆ ಅವರ ಸ್ವಂತ ಹೆಂಡತಿ, ಅವರು ಮನೆಯಲ್ಲಿ ಮರೆತು ಬಂದ ಕನ್ನಡಕ ಕೊಡಲು ಕಿಟಕಿಗೆ ಹೋದರೆ ಅವಳಿಗೂ ಅದೇ ಮಾತು. ಅವಳೂ ಹಟಕ್ಕೆ ಬಿದ್ದು ಸಾಲಿನ ಕೊನೆಗೆ ಹೋಗಿ ನಿಂತಳು. ಸರದಿ ಬಂದಾಗ ಕನ್ನಡಕ ಮುಂದಿಟ್ಟು, "ಏನ್ರೀ, ಕಣ್ಣು ಮಂಜಾಗಿದೆ, ಎದುರಿಗಿರೋ ಹೆಂಡ್ತಿನೂ ಕಾಣಿಸ್ತಿಲ್ಲ. ಯಾವ ಡಾಕ್ಟ್ರನ್ನ ನೋಡ್ಬೇಕು?" ಎಂದು ಕೇಳಿದಳಂತೆ. ಸಾಲಿಗೆ ಸಾಲೇ ನಕ್ಕಿತು. ಭಾವ ನಗಲಿಲ್ಲ. ಕನ್ನಡಕ ತೆಗೆದುಕೊಂಡು, ಅಭ್ಯಾಸ ಬಲದಿಂದ ಟೋಕನ್ ಹರಿದು ಕೊಟ್ಟರು.

ಆ ಹಟ ಸುಮ್ಮನೆ ಬಂದದ್ದಲ್ಲ. ಭಾವ ಚಿಕ್ಕವರಿದ್ದಾಗ ಅವರಪ್ಪನಿಗೆ ಎದೆನೋವು ಬಂದು, ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದ್ದರಂತೆ. ಹಿಂದಿನಿಂದ ಬಂದವರು ಯಾರ್ಯಾರದೋ ಹೆಸರು ಹೇಳಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋದರು. ಇವರನ್ನು ಕರೆಯುವಷ್ಟರಲ್ಲಿ ಗೋಡೆಗೆ ಒರಗಿದ್ದ ಅಪ್ಪ ಮತ್ತೆ ಏಳಲಿಲ್ಲ. ಇದನ್ನು ಭಾವ ಯಾರಿಗೂ ಹೇಳಿದವರಲ್ಲ, ಅಕ್ಕ ನನಗೆ ಹೇಳಿದ್ದು. ಆ ಮನೆಯಲ್ಲಿ ಕೆಟ್ಟ ಬೈಗುಳ ಬೇಕಾದರೆ ಆಡಬಹುದಿತ್ತು, 'ಶಿಫಾರಸು' ಎಂಬ ಮಾತು ಮಾತ್ರ ಆಡುವಂತಿರಲಿಲ್ಲ.

ನಾನು ಅದೇ ಆಸ್ಪತ್ರೆಯಲ್ಲಿ ಕೇಬಲ್ ಎಳೆಯುವವನು. ಶಾಲೆಗೂ ನನಗೂ ಬೇಗನೆ ಜಗಳವಾಗಿ ಇಬ್ಬರೂ ಬೇರೆಯಾದೆವು. ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಅಕ್ಕ ನನ್ನನ್ನು ಕರೆಯುತ್ತಿದ್ದದ್ದೇ ಬೆಂಕಿಪೊಟ್ಣ ಅಂತ. ಎರಡು ಟಚ್ ಫೋನುಗಳನ್ನು ಗೋಡೆಗೆ ಎಸೆದು ಚೂರು ಮಾಡಿದ ಮೇಲೆ ನನ್ನ ಹೆಂಡತಿ ಒಂದು ಬಟನ್ ಫೋನ್ ತಂದುಕೊಟ್ಟು, "ತಗೊಳ್ಳಿ, ಇದನ್ನ ಎಸೀರಿ. ಗೋಡೆ ಒಡೆದ್ರೆ ಒಡೀಲಿ" ಅಂದಿದ್ದಳು. ಆ ಫೋನಿನಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಟೋಕನ್ ಕೊಡುವ ಯಂತ್ರ ಬಂದಾಗ ಭಾವನ ಕಿಟಕಿಗೆ ಹಲಗೆ ಹೊಡೆದರು. ಅವರನ್ನು ಏನು ಮಾಡುವುದೆಂದು ತೋಚದೆ ಆಫೀಸಿನವರು ನೆಟ್‌ವರ್ಕ್ ನೋಡಿಕೊಳ್ಳಲು ಹಾಕಿದರು. ಕಂಪನಿಯವನೊಬ್ಬ ಬಂದು ಒಂದಷ್ಟು ಹೇಳಿಕೊಟ್ಟು ಹೋದ. ಉಳಿದದ್ದನ್ನು ಭಾವ ತಡಕಾಡಿ, ಕೆಡಿಸಿ, ಸರಿಮಾಡಿ ಕಲಿತರು. ಕಾಯುವ ಹಾಲ್‌ನ ಪಕ್ಕದಲ್ಲಿ, ಕೆಳಗಿನ ವಾರ್ಡಿಗೆ ಇಳಿಯುವ ಮೆಟ್ಟಿಲ ತಲೆಯಲ್ಲಿ ಅವರ ಕೋಣೆ. ಮೊದಲು ಪೊರಕೆ, ಬಕೆಟ್ ಇಡುತ್ತಿದ್ದ ಜಾಗ. ಒಂದು ಬಕೆಟ್ ಆಮೇಲೂ ಅಲ್ಲೇ ಉಳಿಯಿತು. ಒಂದು ಕಬ್ಬಿಣದ ಕಪಾಟು, ಅದರೊಳಗೆ ಸರ್ವರ್, ಅದರ ಬೆನ್ನಿಗೆ ನಾನು ಎಳೆದು ಕಟ್ಟಿದ ನೀಲಿ ಕೇಬಲ್‌ಗಳ ಜಡೆ, ಎದುರಿಗೆ ಒಂದು ಕುರ್ಚಿ. ಫ್ಯಾನಿನ ಗಾಳಿಯೆಲ್ಲ ಸರ್ವರ್‌ಗೆ, ಸೆಕೆಯೆಲ್ಲ ಭಾವನಿಗೆ.

ಆ ಸರ್ವರ್ ಮಾಡುವ ಕೆಲಸ ನನ್ನಂಥವನಿಗೂ ಅರ್ಥವಾಗುವಂಥದ್ದು. ಹಾಲ್‌ಗೆ ಬಂದವರ ಫೋನು 'ನನಗೊಂದು ವಿಳಾಸ ಕೊಡಿ' ಎಂದು ಕೇಳುತ್ತದೆ. ಸರ್ವರ್ ಒಂದು ನಂಬರ್ ಕೊಟ್ಟು, 'ಇಷ್ಟು ಹೊತ್ತು ಇದು ನಿನ್ನದು' ಅನ್ನುತ್ತದೆ. ಆ ಹೊತ್ತಿಗೆ ಲೀಸ್ ಎಂದು ಹೆಸರು. ಮುಗಿಯುವ ಮೊದಲೇ ಫೋನು ತಾನಾಗಿ ಮತ್ತೆ ಕೇಳಿಕೊಂಡು ಮುಂದುವರಿಸುತ್ತದೆ. ಎದ್ದು ಹೋದವರ ಫೋನು ಕೇಳುವುದಿಲ್ಲ, ಲೀಸ್ ಮುಗಿದ ಮೇಲೆ ಆ ನಂಬರ್ ಬೇರೆಯವರಿಗೆ. ನಂಬರ್ ಸಿಗದ ಫೋನು ಸುಮ್ಮನೆ ಒಂದು ಚಕ್ರ ತಿರುಗಿಸುತ್ತಾ ಕೂರುತ್ತದೆ, ಅದರಲ್ಲಿ ಏನೂ ಬರುವುದಿಲ್ಲ. ನಮ್ಮ ಸರ್ವರ್ ಹಳೇ ಡಬ್ಬಿ. ಅದರ ಹತ್ತಿರ ಇದ್ದ ನಂಬರುಗಳು ಇನ್ನೂರ ಚಿಲ್ಲರೆ. ಮೇಲಿನ ಹಾಲ್‌ಗೂ ಕೆಳಗಿನ ವಾರ್ಡಿಗೂ ಸೇರಿ ಅಷ್ಟೇ. ಹೊಸದು ಬೇಕೆಂದು ಭಾವ ಕೇಳಿದಾಗಲೆಲ್ಲ ಆಫೀಸಿನಿಂದ "ನೋಡೋಣ" ಎಂಬ ಉತ್ತರ ಬರುತ್ತಿತ್ತು.

ಹಾಗಾಗಿ ಲೀಸ್ ಎಷ್ಟು ಹೊತ್ತು ಇಡಬೇಕೆಂಬುದೇ ಭಾವನ ತಲೆನೋವು. ಅವರು ಹೋಗಿ ಹಾಲ್‌ನ ಬೆಂಚಿನ ಮೇಲೆ ತಾವೂ ಒಬ್ಬ ರೋಗಿಯ ಹಾಗೆ ಕೂತು, ಜನ ಎಷ್ಟು ಹೊತ್ತು ಇರುತ್ತಾರೆ, ಎದ್ದು ಹೋದವರು ಯಾವಾಗ ಮರಳುತ್ತಾರೆ ಎಂದು ನೋಡುತ್ತಿದ್ದರು.

"ಲೀಸ್ ಉದ್ದ ಮಾಡಿದ್ರೆ ಹೋದವನು ಜಾಗ ಹಿಡ್ಕೊಂಡಿರ್ತಾನೆ ಕಣಯ್ಯಾ, ಬಂದವನಿಗೆ ಇಲ್ಲ. ಗಿಡ್ಡ ಮಾಡಿದ್ರೆ ಒಂದು ಪರೀಕ್ಷೆಗೆ ಅಂತ ಒಳಗೆ ಹೋಗಿ ಬರೋಷ್ಟರಲ್ಲಿ ಇದ್ದವನ ಜಾಗ ಹೋಗಿರತ್ತೆ. ನೀನೇ ಹೇಳು, ಎದ್ದು ಹೋದವನಿಗೆ ನಾವು ಎಷ್ಟು ಹೊತ್ತು ಕಾಯಬೇಕು?"

"ನನ್ನ ಕೇಳ್ತೀರಲ್ಲ, ನಾನು ಬಸ್ಸಿಗೇ ಕಾಯೋನಲ್ಲ" ಅಂದೆ.

ಕೊನೆಗೆ ಒಂದು ಗಂಟೆ ಎಂದು ಗೊತ್ತುಮಾಡಿದರು. ಕೆಳಗಿನ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ, ಅವರ ಫೋನು ಆರಿದ ಮೇಲೂ ಅವರ ನಂಬರ್ ಸ್ವಲ್ಪ ಹೊತ್ತು ಅವರದೇ ಆಗಿ ಉಳಿಯುತ್ತಿತ್ತು. "ಒಂದು ಗಂಟೆ ಇರಲಿ. ಅಷ್ಟು ಸಾಕು ಅವರಿಗೆ" ಅನ್ನುತ್ತಿದ್ದರು ಭಾವ. ಯಾರಿಗೆ ಸಾಕು, ಯಾಕೆ ಸಾಕು ಎಂದು ನಾನು ಕೇಳಲಿಲ್ಲ. ಅವರ ಮಾತು ಕೆಲವು ಹಾಗೇ, ಕೇಳಿ ಬಿಟ್ಟುಬಿಡಬೇಕು.

ಅಕ್ಕನಿಗೂ ಭಾವನಿಗೂ ಒಬ್ಬಳೇ ಮಗಳು. ನಾನು ಪುಟ್ಟಿ ಅನ್ನುತ್ತೇನೆ. ಕೋಪದಲ್ಲಿ ಅಪ್ಪನ ಕಡೆಯವಳಲ್ಲ, ನಮ್ಮ ಕಡೆಯವಳು. ಅವಳು ಸರಕಿನ ಹಡಗಿನ ಅಡುಗೆಮನೆಯಲ್ಲಿ ಕೆಲಸ ಹಿಡಿದಾಗ ಅಕ್ಕ ಕೆಂಡವಾದಳು. "ಉಪ್ಪಿನ ಅಂದಾಜು ಗೊತ್ತಿಲ್ಲದೋಳು ಹಡಗಿನೋರಿಗೆ ಅಡುಗೆ ಮಾಡ್ತಾಳಂತೆ! ಎತ್ತಿ ಸಮುದ್ರಕ್ಕೆ ಎಸೀತಾರೆ ಅಷ್ಟೇ" ಎಂದು ಮೊದಲು ತಮಾಷೆಯಲ್ಲಿ ತಡೆದಳು. ಪುಟ್ಟಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಹೊರಡುವ ದಿನ ಅಕ್ಕ ಬಾಗಿಲಲ್ಲಿ ನಿಂತು, "ಹೋಗೋಳು ಹೋಗು. ಮತ್ತೆ ನನಗೆ ಮುಖ ತೋರಿಸಬೇಡ" ಅಂದುಬಿಟ್ಟಳು. ಪುಟ್ಟಿ ಆ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಬಂದರು ಸಿಕ್ಕಾಗ ಅಪ್ಪನಿಗೂ ನನಗೂ ಫೋನ್ ಮಾಡುವಳು, ಬರೀ ಮಾತು. ಫೋಟೋ ಕಳಿಸೇ ಎಂದು ಭಾವ ಕೇಳಿದರೆ, "ಅಮ್ಮನಿಗೆ ನನ್ನ ಮುಖ ಬೇಡ ಅಲ್ವಾ, ಆ ಮನೆಗೆ ಅದು ಬರೋದು ಬೇಡ" ಅನ್ನುವಳು. ಕೂದಲು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಾಳೆಂದು ಬಾಯಿಮಾತಿನಲ್ಲಿ ಗೊತ್ತಾಯಿತು. ಅದನ್ನು ಕೇಳಿ ಅಕ್ಕ ಆ ಹೊತ್ತು ಊಟ ಬಿಟ್ಟಳು.

ಹೀಗಿರುವಾಗ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ನಮ್ಮ ಆಸ್ಪತ್ರೆಯೇ ಅದಕ್ಕೆ ಇರುವ ಆಸ್ಪತ್ರೆ. ಅಲ್ಲಿ ಕೆಲಸ ಮಾಡುವವರ ಮನೆಯವರಿಗೆ ಹಾಸಿಗೆ ಬೇಗ ಕೊಡುವ ಅವಕಾಶವಿದ್ದರೂ ಭಾವ ಅದನ್ನು ಬಳಸಲಿಲ್ಲ. ಸರದಿ ಬರುವ ತನಕ ಅಕ್ಕನನ್ನು ಮನೆಯಲ್ಲಿಟ್ಟುಕೊಂಡು ಕಾದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅಕ್ಕನೇ ನನ್ನನ್ನು ಸುಮ್ಮನಾಗಿಸಿದಳು. "ಹೋಗ್ಲಿ ಬಿಡೋ ಬೆಂಕಿಪೊಟ್ಣ. ಮದುವೆ ದಿನಾನೂ ಲೈನಲ್ಲೇ ನಿಲ್ಲಿಸಿದ್ದ ಮನುಷ್ಯ."

ಹಾಸಿಗೆ ಸಿಕ್ಕಿದ್ದು ಕೆಳಗಿನ ವಾರ್ಡಿನಲ್ಲಿ. ಪಕ್ಕದಲ್ಲೇ ಕಿರಣ ಕೊಡುವ ಕೋಣೆಗಳು, ಅವುಗಳ ಗೋಡೆ ಮಾರು ದಪ್ಪ. ನೆಲದ ಕೆಳಗೆ ಮೊಬೈಲ್ ಸಿಗ್ನಲ್ ಎಳ್ಳಷ್ಟೂ ಬರುವುದಿಲ್ಲ. ಅಲ್ಲಿನವರು ಮನೆಯವರ ಮುಖ ನೋಡಬೇಕೆಂದರೆ ಆಸ್ಪತ್ರೆಯ ವೈಫೈ ಒಂದೇ ದಾರಿ. ಅದಕ್ಕೆ ಕೇಬಲ್ ಎಳೆದವನು ನಾನೇ. ಮಂಚಕ್ಕೆ ಒಂದರಂತೆ ಟ್ಯಾಬ್ ಇತ್ತು, ಯಾರೋ ಪುಣ್ಯಾತ್ಮರು ದಾನ ಕೊಟ್ಟವು.

ಡ್ರಿಪ್ಪಿನಲ್ಲಿ ಏರಿಸುತ್ತಿದ್ದ ಔಷಧಿಗೆ ಅಕ್ಕನ ತಲೆಗೂದಲು ಉದುರತೊಡಗಿದಾಗ ಅವಳ ಹಟವೂ ಉದುರಿತು. ಒಂದು ಮಧ್ಯಾಹ್ನ ತಾನಾಗಿ ಭಾವನಿಗೆ ಅಂದಳು: "ರೀ, ಅವಳಿಗೆ ಹೇಳಿ, ಟ್ಯಾಬ್‌ಗೆ ಫೋನ್ ಮಾಡು ಅಂತ." ಪುಟ್ಟಿಯ ಹಡಗು ಆ ವಾರದ ಕೊನೆಗೆ ಒಂದು ಬಂದರಿಗೆ ಬರುವುದಿತ್ತು. ಅದು ದಾಟಿದರೆ ಮುಂದಿನ ಬಂದರು ಬಹಳ ದೂರ. ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು ಏನು ಹೇಳಿದ್ದರೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ಆ ದೂರದ ಬಂದರಿನವರೆಗೆ ಅಕ್ಕ ಇರುವುದು ಅನುಮಾನ. ಸಿಕ್ಕರೆ ಈ ಒಂದು ಸಲ.

ತೊಂದರೆ ಏನೆಂದರೆ, ಅಕ್ಕನನ್ನು ಕಿರಣ ಕೊಡಲು ಒಳಗೆ ಕರೆದೊಯ್ಯುವಾಗ ಟ್ಯಾಬ್ ಆರಿಸಿ ಇಡುತ್ತಿದ್ದರು. ಅಲ್ಲಿ ಕಾದು, ಮುಗಿಸಿ, ಸುಧಾರಿಸಿಕೊಂಡು ಬರುವಷ್ಟರಲ್ಲಿ ಗಂಟೆ ದಾಟಿರುತ್ತಿತ್ತು. ಹಾಲ್‌ನಲ್ಲಿ ಜನ ಹೆಚ್ಚಿದ್ದ ದಿನ ಅವಳ ನಂಬರ್ ಮೇಲಿನವರಿಗೆ ಹೋಗಿರುತ್ತಿತ್ತು. "ಗಂಡನೇ ಯಜಮಾನ, ಆದ್ರೂ ನನಗೆ ಜಾಗ ಇಲ್ಲ ನೋಡಿ" ಎಂದು ನರ್ಸ್‌ಗಳ ಮುಂದೆ ನಗುತ್ತಿದ್ದಳು.

ನಾನು ಭಾವನ ಕೋಣೆಗೆ ಹೋದೆ.

"ಭಾವ, ಅಕ್ಕನ ಟ್ಯಾಬ್‌ಗೆ ಒಂದು ಕಾಯಂ ನಂಬರ್ ಬರೆದುಬಿಡಿ. ಪ್ರಿಂಟರ್‌ಗೆ ಕೊಟ್ಟಿಲ್ವಾ? ಡ್ರಿಪ್ ನೋಡೋ ಮೆಷಿನ್‌ಗೆ ಕೊಟ್ಟಿಲ್ವಾ?"

"ಅವು ಮೆಷಿನ್ನು. ಎಲ್ಲರಿಗೂ ಕೆಲಸ ಮಾಡ್ತವೆ."

"ಅಕ್ಕ?"

"ಅವಳು ನನ್ನ ಹೆಂಡತಿ."

"ಅದಕ್ಕೇ ಹೇಳ್ತಿರೋದು!"

"ಅದಕ್ಕೇ ಆಗಲ್ಲ."

"ಪ್ರಿಂಟರ್‌ಗಿಂತ ಕಡೆಯಾದ್ಳಾ ನಮ್ಮಕ್ಕ?" ಎಂದು ಬಕೆಟ್ಟಿಗೆ ಒದ್ದೆ. ಅದು ಉರುಳಿಕೊಂಡು ಹಾಲ್‌ನ ತನಕ ಹೋಯಿತು. ಭಾವ ಎದ್ದು ಹೋಗಿ ತಂದು, ಇದ್ದ ಜಾಗದಲ್ಲೇ ಇಟ್ಟರು.

ಮರುದಿನ ನನ್ನನ್ನು ಅವರೇ ಕರೆದರು. ಮುಖದಲ್ಲಿ ನಾನು ಎಂದೂ ನೋಡದ ಒಂದು ನಾಚಿಕೆ, ಖುಷಿಯೂ ಇರಬಹುದು.

"ಕೊಟ್ಟೆ ಕಣಯ್ಯಾ."

"ಅಕ್ಕನಿಗಾ?"

"ಎಲ್ಲರಿಗೂ. ಒಂದು ವಾರ. ಒಬ್ಬಳಿಗೆ ಕೊಟ್ರೆ ಅದು ಶಿಫಾರಸು. ಎಲ್ಲರಿಗೂ ಕೊಟ್ರೆ ಅದು ನಿಯಮ. ಈಗ ಅವಳು ಎಲ್ಲಿಗೆ ಹೋಗಿ ಬಂದ್ರೂ ಅವಳ ಜಾಗ ಅವಳದ್ದೇ. ಹಡಗು ಬಂದು ಹೋದ ಮೇಲೆ ಮತ್ತೆ ಗಂಟೆಗೆ ಇಳಿಸ್ತೀನಿ. ಅಷ್ಟು ದಿನಕ್ಕೆ ನಂಬರ್ ಸಾಲತ್ತೆ, ಲೆಕ್ಕ ಹಾಕಿದೀನಿ."

ಇಂಥ ತಲೆ ಯಾರಿಗಿರುತ್ತದೆ ಹೇಳಿ. ಹೆಂಡತಿಗೆ ಒಂದು ಲೋಟ ನೀರು ಕೊಡಲು ಊರಿಗೆಲ್ಲ ನಲ್ಲಿ ಬಿಟ್ಟ ಮನುಷ್ಯ. ಆದರೆ ಆವತ್ತು ನನಗೂ ಅದು ಸರಿಯೆಂದೇ ಕಂಡಿತು. ಅವರ ಕೈ ಹಿಡಿದು ಕುಲುಕಿದೆ.

ಅವರ ಲೆಕ್ಕದಲ್ಲಿ ಇಲ್ಲದ್ದು ಒಂದಿತ್ತು. ಆಫೀಸಿನವರು ಇದ್ದಕ್ಕಿದ್ದ ಹಾಗೆ ಉಚಿತ ತಪಾಸಣೆ ಎಂದು ಬೋರ್ಡ್ ಹಾಕಿದರು. ಹಾಲ್ ತುಂಬಿ ಜನ ಅಂಗಳಕ್ಕೆ ಚೆಲ್ಲಿದರು. ಬಂದವರು ರಕ್ತ ಕೊಟ್ಟು ಹೋದರು, ಮತ್ತೊಂದು ತಂಡ ಬಂತು, ಅವರೂ ಹೋದರು. ಹೋದ ಪ್ರತಿಯೊಬ್ಬರೂ ಒಂದು ವಾರದ ಲೀಸ್ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು. ಹಾಲ್‌ನಲ್ಲಿ ನೆಟ್ ಇಲ್ಲವೆಂದು ಗಲಾಟೆ ಶುರುವಾಯಿತು. ಭಾವ ಚಡಪಡಿಸಿದರು. ಆದರೆ ಅಕ್ಕನ ಟ್ಯಾಬ್ ನಂಬರ್ ಹಿಡಿದು ಗಟ್ಟಿಯಾಗಿ ಕೂತಿತ್ತು. ಬೆಳಗಾದರೆ ಪುಟ್ಟಿಯ ಹಡಗು ಬರುವ ದಿನ. "ನಾಳೆ ಒಂದು ದಿನ ತಡ್ಕೊಳ್ಳಲಿ" ಅಂದರು. ಲೈನಪ್ಪನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಆ ದಿನ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿಸಿಕೊಂಡು ಕೊನೆಗೆ ಕಿತ್ತೆಸೆದಳು. "ಇರಲಿ ಬಿಡು. ಅವಳಿಗೂ ಕೂದಲಿಲ್ಲ, ನನಗೂ ಇಲ್ಲ. ಅಮ್ಮ ಮಗಳು ಅಂತ ಈಗಾದ್ರೂ ಗೊತ್ತಾಗತ್ತೆ" ಎಂದು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು.

ಕರೆ ಬರುವ ಹೊತ್ತಿಗೆ ಸರಿಯಾಗಿ ಟ್ಯಾಬ್ ಕಪ್ಪಾಯಿತು. ಚಾರ್ಜ್ ಹಾಕುವ ಕಡೆ ಒಳಗಿನ ಪಿನ್ನು ಮುರಿದಿತ್ತು. ಚಾರ್ಜ್ ಆಗುತ್ತಿದೆ ಎಂದುಕೊಂಡದ್ದು ಆಗಿರಲೇ ಇಲ್ಲ. ನರ್ಸಮ್ಮ ಒಳ್ಳೆಯವಳು, ಓಡಿಹೋಗಿ ಬೀರುವಿನಿಂದ ಬೇರೆ ಟ್ಯಾಬ್ ತಂದು, ಅಕ್ಕನ ಹೆಸರಿನಲ್ಲೇ ಕರೆ ಬರುವಂತೆ ಹೊಂದಿಸಿ ಮಂಚದ ಮೇಲೆ ನಿಲ್ಲಿಸಿದಳು. "ಇದೂ ಅದೂ ಒಂದೇ ಅಮ್ಮಾ, ಗಾಬರಿಯಾಗಬೇಡಿ."

ಟ್ಯಾಬ್‌ನಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಭಾವನ ಮುಖದ ರಕ್ತ ಇಳಿದದ್ದನ್ನು ನಾನು ನೋಡಿದೆ. ಸರ್ವರ್‌ಗೆ ಮನುಷ್ಯರ ಗುರುತಿಲ್ಲ, ಯಂತ್ರದ ಗುರುತು ಮಾತ್ರ. ಅಕ್ಕನ ಜಾಗ ಆ ಸತ್ತ ಟ್ಯಾಬ್‌ನ ಹೆಸರಿನಲ್ಲಿತ್ತು. ಇದು ಹೊಸಬರ ಹಾಗೆ ಸಾಲಿನ ಕೊನೆಗೆ ಬಂದು ನಿಂತಿತ್ತು, ಕೊಡಲು ಒಂದೂ ಉಳಿದಿರಲಿಲ್ಲ.

ಭಾವ ಮೆಟ್ಟಿಲು ಹತ್ತಿ ಓಡಿದರು. ಅವರ ಹಿಂದೆ ನಾನು. ಮೆಟ್ಟಿಲ ತಲೆಗೆ ಬರುತ್ತಲೇ ನನ್ನ ಬಟನ್ ಫೋನು ಹೊಡೆದುಕೊಂಡಿತು. ಪುಟ್ಟಿ.

"ಮಾವ, ಅಮ್ಮ ಯಾಕೆ ಎತ್ತುತ್ತಿಲ್ಲ? ಮನಸ್ಸು ಬದಲಾಯಿಸಿದ್ಲಾ?"

"ಇಲ್ಲ ಕಣೇ, ನಿಮ್ಮಪ್ಪನ ಡಬ್ಬಿ ಕೈಕೊಟ್ಟಿದೆ. ಸ್ವಲ್ಪ ಇರು."

"ಇರೋಕಾಗಲ್ಲ ಮಾವ, ಸರಕು ಬೇಗ ಇಳಿದುಬಿಡ್ತು. ಹಗ್ಗ ಬಿಚ್ಚುತ್ತಿದ್ದಾರೆ. ಸಂಜೆಗೆ ಅಂದಿದ್ರು, ಈಗಲೇ ಹೊರಡ್ತಾರಂತೆ."

ಫೋನ್ ಹಿಡಿದುಕೊಂಡೇ ಕೆಳಗೆ ಇಳಿದೆ. ಮೆಟ್ಟಿಲ ತಿರುವಿನಲ್ಲಿ ಅವಳ ದನಿ ಹರಿದು ಹೋಯಿತು. ಮತ್ತೆ ಹತ್ತಿದೆ, ಅವಳೇ ಮತ್ತೆ ಮಾಡಿದಳು. ಒಳಗೆ ಭಾವ ಹಳೆಯ ಲೀಸ್‌ಗಳನ್ನೆಲ್ಲ ಅಳಿಸಿ ಸರ್ವರ್ ಹೊಸದಾಗಿ ಶುರು ಮಾಡಿದ್ದರು. ಅದು ಬಾಗಿಲು ತೆರೆದ ಕೂಡಲೇ ಹಾಲ್‌ನಲ್ಲಿ ಕಾಯುತ್ತಿದ್ದ ಫೋನುಗಳೆಲ್ಲ ನುಗ್ಗಿ ನಂಬರುಗಳನ್ನು ಬಾಚಿಕೊಂಡವು, ಮತ್ತೆ ತುಂಬಿತು. ನನಗೆ ತಲೆ ಕೆಟ್ಟಿತು. ಹಾಲ್‌ಗೆ ಹೋಗಿ, "ಎಲ್ಲಾ ಫೋನ್ ಆಫ್ ಮಾಡ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೆಲವರು ಹೆದರಿ ಮಾಡಿಯೂ ಮಾಡಿದರು. ಆಫ್ ಮಾಡಿದರೇನು, ಲೀಸ್ ಇನ್ನೂ ವಾರದ್ದೇ ಇತ್ತಲ್ಲ, ಆ ನಂಬರುಗಳು ಅವರವರ ಜೇಬಿನಲ್ಲೇ ಇದ್ದವು.

"ಸರಿ, ಏನು ಹೇಳಬೇಕೋ ನನ್ನ ಹತ್ರ ಹೇಳು. ನಾನು ಹೇಳ್ತೀನಿ" ಅಂದೆ ಪುಟ್ಟಿಗೆ.

ಆ ಕಡೆ ಗಾಳಿಯ ಸದ್ದು. "ಇನ್ನೂ ಕೋಪ ಇದೆಯಾ ಕೇಳಿ."

ಇಳಿದೆ. ಅಕ್ಕನಿಗೆ ಹೇಳಿದೆ. ಅವಳು ತಿರುಗುತ್ತಿದ್ದ ಚಕ್ರದಿಂದ ಕಣ್ಣು ತೆಗೆಯದೆ, "ಕೋಪಕ್ಕೂ ಶಕ್ತಿ ಬೇಡ್ವಾ ಅಂತ ಹೇಳು" ಅಂದಳು.

ಹತ್ತಿದೆ, ಹೇಳಿದೆ. ಪುಟ್ಟಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಈಗ ಅಡುಗೆಮನೇಲಿ ನನ್ನ ಮಾತೇ ನಡೆಯೋದು ಅಂತ ಹೇಳಿ. ಉಪ್ಪು ಸರಿಯಾಗಿ ಹಾಕ್ತೀನಿ ಅಂತನೂ ಹೇಳಿ."

ಇಳಿದೆ. ನನ್ನ ದಪ್ಪ ಮೈಗೆ ಮೆಟ್ಟಿಲು ಹೊಸದಲ್ಲ, ಆದರೆ ಇನ್ನೊಬ್ಬರ ಮಾತು ಹೊತ್ತು ಹತ್ತಿಳಿದದ್ದು ಅದೇ ಮೊದಲು. ಚೆಲ್ಲದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಾ ಇಳಿಯುತ್ತಿದ್ದೆ. ಅಕ್ಕ, "ಸಮುದ್ರದಲ್ಲಿ ಉಪ್ಪಿಗೇನು ಬರ ಅಂತ ಹೇಳು" ಅಂದಳು. ನಾನು ತಿರುಗಿದೆ. "ತಡಿಯೋ" ಎಂದು ಕರೆದಳು.

"ಮುಖ ತೋರಿಸ್ಬೇಡ ಅಂದಿದ್ದೆ ಅಲ್ವಾ. ಈಗ ತೋರಿಸು ಅಂತ ಹೇಳು."

ನನ್ನ ಕಾಲು ಅಲ್ಲೇ ನಿಂತಿತು. ಮಾತಾದರೆ ಹೊತ್ತು ತರಬಹುದು. ಮುಖವನ್ನು ನಾನು ಯಾವ ಬಾಯಲ್ಲಿ ಹೊತ್ತು ತರಲಿ? ಅವಳನ್ನೇ ಮಂಚ ಸಮೇತ ಮೇಲೆ ಎತ್ತೋಣವೆಂದು ನರ್ಸಮ್ಮನಿಗೆ ಹೇಳಿದರೆ, "ಹುಚ್ಚು ಹಿಡೀತಾ ನಿಮಗೆ? ಆ ನಳಿಕೆ ಎಲ್ಲಾ ಎಲ್ಲಿಗೆ ಹೋಗತ್ತೆ?" ಎಂದು ಗದರಿದಳು. ಹಾಲ್‌ನಲ್ಲಿ ಯಾರದಾದರೂ ಫೋನ್ ಇಸಿದುಕೊಂಡು ಒಂದು ಫೋಟೋ ತರಿಸಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಬುದ್ಧಿ ಹೇಳಿದರು. ತರಿಸಬಹುದಿತ್ತು. ಆಮೇಲೆ ಹೊಳೆಯುವುದು ಯಾರಿಗೆ ಬೇಕು.

ಅಷ್ಟರಲ್ಲಿ ಭಾವ ಇಳಿದು ಬಂದರು. ಟ್ಯಾಬ್ ಎತ್ತಿ ಅದರ ಬೆನ್ನಿಗೆ ಅಂಟಿಸಿದ್ದ ಗುರುತಿನ ನಂಬರನ್ನು ನರ್ಸಮ್ಮನ ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡರು. ಕೈ ಬೆವರಿ ಶಾಯಿ ಹರಡುತ್ತಿತ್ತು. ಮೆಟ್ಟಿಲ ಮೇಲೆ ಇಬ್ಬರೂ ಒಟ್ಟಿಗೆ ಹತ್ತಿದೆವು. ಅವರು ನನ್ನ ಕಡೆ ನೋಡದೆ ಅಂದರು:

"ಬರೀತೀನಿ. ಅವಳೊಬ್ಬಳಿಗೇ ಬರೀತೀನಿ."

ಈ ಸಲ ಬರೀರಿ ಎಂದು ನಾನು ಕೇಳಿರಲಿಲ್ಲ.

ಮೇಲೆ ಹೋಗಿ ಪುಟ್ಟಿಗೆ ಹೇಳಿದೆ: "ನಿನ್ನ ಮುಖ ತೋರಿಸಬೇಕಂತೆ."

"ಏನಂದ್ರಿ? ಇನ್ನೊಂದು ಸಲ ಹೇಳಿ ಮಾವ."

ಹೇಳಿದೆ.

"ನೀವು ಇಡಿ. ಇಡಿ ಮಾವ, ಟ್ಯಾಬ್‌ಗೇ ಮಾಡ್ತೀನಿ. ಮಾಡ್ತಾನೇ ಇರ್ತೀನಿ."

ನಾನು ಇಟ್ಟೆ. ಭಾವ ಹಾಲ್‌ನ ಯಾರದೋ ಒಂದು ನಂಬರ್ ಕಿತ್ತು, ಅಂಗೈ ನೋಡಿ ಒಂದೊಂದೇ ಅಕ್ಷರ ಒತ್ತಿದರು. ಒಮ್ಮೆ ತಪ್ಪಿತು, ಅಳಿಸಿ ಮತ್ತೆ ಒತ್ತಿದರು. ಆಮೇಲೆ ಇಬ್ಬರೂ ಕೆಳಗೆ ಓಡಿದೆವು. ನಾವು ಹೋಗುವ ಹೊತ್ತಿಗೆ ಚಕ್ರ ನಿಂತು, ಮೂಲೆಯಲ್ಲಿ ನೆಟ್ ಬಂದ ಗುರುತು ಮೂಡಿತ್ತು. ನಾವು ಮೂವರೂ, ನರ್ಸಮ್ಮನೂ ಆ ಗಾಜನ್ನೇ ನೋಡುತ್ತಾ ನಿಂತೆವು. ಅದು ಹೊಡೆದುಕೊಳ್ಳಲಿಲ್ಲ. ಭಾವ ಈ ಕಡೆಯಿಂದ ಮಾಡಿದರು, ಹೋಗಲಿಲ್ಲ. ಹಡಗು ದಡದ ಸಿಗ್ನಲ್ ದಾಟಿಬಿಟ್ಟಿತ್ತು. ದೀಪಸ್ತಂಭ ಮರೆಯಾಗುವ ತನಕ ಮಾಡುತ್ತಲೇ ಇದ್ದೆ ಎಂದು ಪುಟ್ಟಿ ಆಮೇಲೆ ಹೇಳಿದಳು.

"ಹೋಗ್ಲಿ ಬಿಡಿ. ಮುಂದಿನ ಬಂದರು ಇದೆಯಲ್ಲ" ಅಂದಳು ಅಕ್ಕ. ಟ್ಯಾಬನ್ನು ನೀರಿನ ಜಗ್ಗಿಗೆ ಒರಗಿಸಿ, ತನಗೆ ಕಾಣುವ ಹಾಗೆ ಇಡಿಸಿಕೊಂಡಳು. ಆರಿಸಲು ಬಿಡಲಿಲ್ಲ. ಮುಂದಿನ ಬಂದರಿಗೆ ಮೊದಲೇ ಅವಳು ಹೋದಳು. ಹೋದಾಗಲೂ ಅದು ಹಾಗೇ ಒರಗಿಕೊಂಡು ಉರಿಯುತ್ತಿತ್ತು.

ಎಲ್ಲ ಮುಗಿದ ಮೇಲೆ ಭಾವ ಕೆಲಸಕ್ಕೆ ಬಂದರು. ಹಾಲ್‌ನ ಲೀಸ್ ಮತ್ತೆ ಒಂದು ಗಂಟೆಗೆ ಇಳಿಯಿತು. ಆ ಟ್ಯಾಬನ್ನು ನರ್ಸಮ್ಮನ ಹತ್ತಿರ ಕೇಳಿ ತಂದು, ತಮ್ಮ ಕೋಣೆಯ ಕಪಾಟಿನ ಮೇಲೆ ಚಾರ್ಜ್‌ಗೆ ಹಾಕಿ ಇಟ್ಟರು. "ಲೈನಲ್ಲಿ ಬನ್ನಿ" ಎಂದು ಅವರು ಅಂದದ್ದನ್ನು ಆಮೇಲೆ ಯಾರೂ ಕೇಳಲಿಲ್ಲ. ಹೆಸರು ಮಾತ್ರ ಉಳಿಯಿತು.

ಒಂದು ದಿನ ಹಾಲ್ ತುಂಬಿ, ವಯಸ್ಸಾದವರೊಬ್ಬರು ಫೋನ್ ಹಿಡಿದುಕೊಂಡು ಬಂದರು. ಅವರಿಗೆ ನಂಬರ್ ಸಿಕ್ಕಿರಲಿಲ್ಲ. ಭಾವನ ಹೆಗಲ ಮೇಲಿಂದ ನಾನೇ ಪರದೆ ನೋಡಿದೆ. ಅಕ್ಕನಿಗೆಂದು ಬರೆದದ್ದು ಹಾಗೇ ಇತ್ತು.

"ಇದೊಂದು ಇದೆಯಲ್ಲ ಭಾವ."

"ಅದು ಕೊಡೋಕೆ ಬರಲ್ಲ."

ನನಗೆ ನೆತ್ತಿಗೇರಿತು. "ಬೇಕಾದಾಗ ಕೊಡಲಿಲ್ಲ, ಈಗ ಯಾರಿಗೆ ಅಂತ ಇಟ್ಕೊಂಡು ಕೂತಿದೀರಿ?"

ಭಾವ ಕುರ್ಚಿಯಲ್ಲೇ ನನ್ನ ಕಡೆ ತಿರುಗಿ, ಕೈ ಮಡಿಲಲ್ಲಿ ಇಟ್ಟುಕೊಂಡರು. "ಬೈಯಿ. ಇನ್ನೂ ಬೈಯಿ. ಬೇರೆ ಯಾರೂ ಬೈತಿಲ್ಲ."

ಆ ಮುದುಕರನ್ನು ಕೈ ಹಿಡಿದು, ಮೊಬೈಲ್ ನೆಟ್ ಸಿಗುವ ಅಂಗಳದ ಬಿಸಿಲಿಗೆ ಕರೆದುಕೊಂಡು ಹೋದೆ.

ಪುಟ್ಟಿ ಬಂದದ್ದು ಅವಳ ಹಡಗಿನ ಕರಾರು ಮುಗಿದ ಮೇಲೆ. ನೇರ ಆಸ್ಪತ್ರೆಗೇ ಬಂದು, ಯಾರಿಗೂ ಹೇಳದೆ ಹಾಲ್‌ನ ಬೆಂಚಿನ ಕೊನೆಯಲ್ಲಿ ಕೂತಿದ್ದಳು. ಗಿಡ್ಡ ಕೂದಲು, ಮುಂಗೈ ತುಂಬಾ ಎಣ್ಣೆ ಸಿಡಿದ ಕಲೆ. ನಾನೇ ನೋಡಿ ಕೋಣೆಗೆ ಕರೆದುಕೊಂಡು ಹೋದೆ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಭಾವ ಎದ್ದು ಇದ್ದ ಒಂದು ಕುರ್ಚಿಯನ್ನು ಅವಳ ಕಡೆ ತಳ್ಳಿದರು, ಅವಳು ಕೂರಲಿಲ್ಲ.

"ಅಮ್ಮನ ಹತ್ರ ಇದ್ದದ್ದು ಯಾವುದು?"

ಭಾವ ಕಪಾಟಿನ ಮೇಲಿದ್ದ ಟ್ಯಾಬ್ ತೋರಿಸಿದರು.

"ಈಗ್ಲೂ ಬರುತ್ತಾ?"

"ಬರುತ್ತೆ. ಅದಕ್ಕೆ ಜಾಗ ಇದೆ."

ಪುಟ್ಟಿ ತನ್ನ ಫೋನ್ ತೆಗೆದು ಒತ್ತಿದಳು. ಆ ಸಣ್ಣ ಕೋಣೆಯಲ್ಲಿ ಟ್ಯಾಬ್ ಹೊಡೆದುಕೊಳ್ಳತೊಡಗಿತು. ಯಾರೂ ಅಲುಗಲಿಲ್ಲ. ಅದು ಹೊಡೆದುಕೊಳ್ಳುತ್ತಲೇ ಇತ್ತು.

"ಎತ್ತಪ್ಪ" ಅಂದಳು.

ಭಾವ ತೋಳಿನಲ್ಲಿ ಗಾಜು ಒರೆಸಿ ಒತ್ತಿದರು. ಮೊದಲು ಕಪ್ಪು, ಆಮೇಲೆ ಅವಳ ಮುಖ ಬಂತು. ಒಂದು ಗೇಣು ದೂರದಲ್ಲಿ ಮಗಳು ನಿಂತಿದ್ದಳು. ಭಾವ ಅವಳ ಕಡೆ ತಿರುಗದೆ ಗಾಜಿನೊಳಗಿನ ಮುಖವನ್ನೇ ನೋಡುತ್ತಾ ನಿಂತರು.

"ಬಂತು" ಅಂದರು ಮೆಲ್ಲಗೆ, ಅಲ್ಲಿಲ್ಲದವರಿಗೆ ಹೇಳುವ ಹಾಗೆ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದೆ. ಹಾಲ್ ಕಿಕ್ಕಿರಿದಿತ್ತು. ಬಾಗಿಲ ಹತ್ತಿರ ಒಬ್ಬ ಹೆಂಗಸು ಫೋನನ್ನು ತಲೆಯ ಮೇಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದಳು. ನನ್ನ ಕೈಲಿದ್ದ ಕೇಬಲ್ ಸುರುಳಿ ನೋಡಿ, "ಅಣ್ಣಾ, ಇಲ್ಲಿ ನೆಟ್ ಯಾಕೆ ಬರ್ತಿಲ್ಲ?" ಎಂದು ಕೇಳಿದಳು.

"ಜಾಗ ಖಾಲಿ ಇಲ್ಲಮ್ಮ" ಅಂದೆ. ದನಿ ಏರಿಸಲಿಲ್ಲ. "ಸ್ವಲ್ಪ ಹೊರಗೆ ಹೋಗಿ ಮಾತಾಡಿ."